ಈಸ್ಟರ್ ಅಂದ್ರೆ ನಿಜವಾಗ್ಲೂ ಏನು ಅಂತ ಚಿಕ್ಕ ಮಕ್ಕಳಿಗೆ ಹೆಂಗೆ ಹೇಳ್ತೀರಾ?

ಸಾಸಿವೆಕಾಳು:
ಎಲ್ರಿಗೂ ನಮಸ್ಕಾರ. ಮಗಳಿಗೆ ನಾಲ್ಕೂವರೆ, ಮಗನಿಗೆ ಏಳು. ಈಸ್ಟರ್ ಅಂದ್ರೆ ಮೊಟ್ಟೆ, ಮೊಲ, ಚಾಕ್ಲೇಟ್ ಅಷ್ಟೇ ಅಂದ್ಕೊಂಡು ಇಬ್ರೂ ಬೆಳೀಬಾರ್ದು, ಯೇಸು ಸ್ವಾಮಿ ಯಾಕೆ ಸತ್ರು ಹೆಂಗೆ ಎದ್ರು ಅನ್ನೋದು ಅವರ ಮನಸ್ಸಿಗೆ ಇಳೀಬೇಕು ಅಂತ ದಿನಾ ಮಲಗೋ ಮುಂಚೆ ಮಕ್ಕಳ ಬೈಬಲ್ ಓದಿ ಹೇಳ್ತಾ ಇದೀನಿ. ನಿನ್ನೆ ಶಿಲುಬೆಯ ಪುಟ ಬಂತು. ಮಗಳು ಏನೂ ಮಾತಾಡ್ಲಿಲ್ಲ, ಚಿತ್ರದಲ್ಲಿ ಮೊಳೆ ಇರೋ ಜಾಗಕ್ಕೆ ಎರಡೂ ಅಂಗೈ ಇಟ್ಟು ಮುಚ್ಚಿಬಿಟ್ಲು, ಪುಟ ತಿರುಗ್ಸಕ್ಕೂ ಬಿಡ್ಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮೂರನೇ ದಿನ ಎದ್ದು ಬಂದ್ರು ಪುಟ್ಟಾ ಅಂದೆ. ತಕ್ಷಣ "ಹಂಗಾದ್ರೆ ತಾತ ಯಾವಾಗ ಬರ್ತಾರೆ?" ಅಂದ್ಲು. ನಮ್ಮ ಮಾವ ತೀರ್ಕೊಂಡು ಇನ್ನೂ ವರ್ಷ ತುಂಬಿಲ್ಲ. ಪಕ್ಕದಲ್ಲಿದ್ದ ಮಗ "ಸತ್ತೋರು ಬರಲ್ಲ ಕಣೇ, ಇದು ಕತೆ" ಅಂದ.

ಒಂದೇ ಹಾಸಿಗೆ ಮೇಲೆ ಎರಡು ಪ್ರಶ್ನೆ, ಎರಡಕ್ಕೂ ಬೇರೆ ಬೇರೆ ಉತ್ತರ ಬೇಕು. ಯೇಸು ಶಿಲುಬೆ ಮೇಲೆ ಸತ್ತ ದಿನ, ಗುಡ್ ಫ್ರೈಡೇಗೆ ಇನ್ನೂ ಟೈಮ್ ಇದೆ. ಮಕ್ಕಳಿಗೆ ಹೇಳ್ಕೊಟ್ಟು ಅನುಭವ ಇರೋರು ದಯವಿಟ್ಟು ಬಿಡಿಸಿ ಬರೀರಿ. ಶಿಲುಬೆ ಎಷ್ಟು ಹೇಳ್ಬೇಕು, ತಾತನ ವಿಷಯ ಹೆಂಗೆ ಹೇಳ್ಬೇಕು, ಮಗನಿಗೆ ಏನು ಹೇಳ್ಬೇಕು?

ಭಾನುವಾರದ ಟೀಚರ್:
ಅಕ್ಕ, ನಿಮ್ಮ ಮಗಳು ಕೇಳಿದ್ದು ಈಸ್ಟರ್‌ನ ಬುಡಕ್ಕೇ ಹೋಗೋ ಪ್ರಶ್ನೆ. ನಮ್ಮ ಸಂಡೇ ಸ್ಕೂಲ್‌ನಲ್ಲಿ ಚಿಕ್ಕೋರ ಗುಂಪು ನಾನೇ ನೋಡ್ಕೊಳ್ಳೋದು, ಮನೇಲಿ ಯಾರಾದ್ರೂ ಹೋಗಿದ್ರೆ ಆ ಮಗು ಇದನ್ನ ಕೇಳೇ ಕೇಳುತ್ತೆ.

ತಾತನ ವಿಷಯಕ್ಕೆ ನಾನು ಹೇಳೋದು ಹೀಗೆ: ಮೂರನೇ ದಿನ ಎದ್ದಿದ್ದು ಯೇಸು ಮಾತ್ರ. ಅವ್ರು ಮೊದಲನೆಯವ್ರು. ತಾತ ಈಗ ದೇವರ ಹತ್ರ ಇದಾರೆ, ಮನೆಗೆ ವಾಪಸ್ ಬರಲ್ಲ, ಆದ್ರೆ ಯೇಸು ಎದ್ದ ಹಾಗೇ ದೇವ್ರು ಒಂದು ದಿನ ತಾತನ್ನೂ ನಮ್ಮನ್ನೂ ಎಬ್ಬಿಸ್ತಾರೆ, ಅದು ಯಾವತ್ತು ಅಂತ ದೇವ್ರಿಗೆ ಮಾತ್ರ ಗೊತ್ತು, ಅಲ್ಲೀವರೆಗೂ ನಾವು ಕಾಯ್ತೀವಿ. ಇಷ್ಟೇ ಸಾಕು. ಇದು ನನ್ನ ಸ್ವಂತ ಮಾತಲ್ಲ, ಬೈಬಲ್‌ನಲ್ಲಿ ಪೌಲ ಅನ್ನೋ ಬೋಧಕ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಯೇಸುವನ್ನ ಪ್ರಥಮಫಲ ಅಂತ ಕರೀತಾನಲ್ಲ ಅದೇ, ಹೊಲದಲ್ಲಿ ಮೊದಲ ತೆನೆ ಕೈಗೆ ಬಂತು ಅಂದ್ರೆ ಉಳಿದ ಬೆಳೆನೂ ಬರುತ್ತೆ ಅನ್ನೋ ಭರವಸೆ. ನಾಲ್ಕು ವರ್ಷದ ಮಗುಗೂ "ಯೇಸು ಮೊದಲು, ಆಮೇಲೆ ನಾವೆಲ್ಲಾ" ಅನ್ನೋದು ಅರ್ಥ ಆಗುತ್ತೆ.

ಇನ್ನೊಂದು, ಅಳೋದನ್ನ ತಡೀಬೇಡಿ. ಯೇಸು ಎದ್ದಿದಾರಲ್ಲ ಮತ್ಯಾಕೆ ಅಳ್ತೀಯ ಅಂತ ಕೆಲವ್ರು ಮಕ್ಕಳ ಬಾಯಿ ಮುಚ್ಚಿಸ್ತಾರೆ, ನಂಗೆ ಅದು ಸರಿ ಬರಲ್ಲ. ಸತ್ತುಹೋಗಿದ್ದ ಸ್ನೇಹಿತ ಲಾಜರನ್ನ ಇನ್ನೇನು ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಯೇಸು ಅವನ ಸಮಾಧಿಗೆ ಹೋಗೋ ಮುಂಚೆ ಕಣ್ಣೀರು ಹಾಕಿದ್ರು, ಬೈಬಲ್‌ನ ಯೋಹಾನ ಪುಸ್ತಕದ 11ನೇ ಅಧ್ಯಾಯದಲ್ಲಿದೆ. ಆ ಕತೆನ ಈಸ್ಟರ್‌ಗಿಂತ ಮುಂಚೆನೇ ಹೇಳಿಟ್ಟಿರಿ, ಮುಂದೆ ಉಪಯೋಗಕ್ಕೆ ಬರುತ್ತೆ.

ಹಸಿರಂಗಳ:
ನನ್ನ ಅಭಿಪ್ರಾಯ ಬೇರೆ. ನಾಲ್ಕೂವರೆ ವರ್ಷದ ಮಗುಗೆ ಶಿಲುಬೆ ಬೇಕಾ? ಮೊಳೆ, ಮುಳ್ಳು, ರಕ್ತ ಎಲ್ಲ ತಲೇಲಿ ಕೂತ್ಬಿಟ್ರೆ ರಾತ್ರಿ ಬೆಚ್ಚಿಬೀಳ್ತಾವೆ. ನಾವು ಏಳೆಂಟು ವರ್ಷ ಆಗೋವರೆಗೂ ಯೇಸು ಜೀವಂತ ಇದಾರೆ, ನಿನ್ನನ್ನ ಪ್ರೀತಿಸ್ತಾರೆ ಅಂತ ಮಾತ್ರ ಹೇಳೋದು ಅಂತ ಗಂಡ ಹೆಂಡ್ತಿ ಮಾತಾಡ್ಕೊಂಡಿದೀವಿ. ಸಂತೋಷದ ಹಬ್ಬ ಸಂತೋಷವಾಗೇ ಇರ್ಲಿ.

ಭಾನುವಾರದ ಟೀಚರ್:
ನಿಮ್ಮ ಕಾಳಜಿ ಅರ್ಥ ಆಗುತ್ತೆ ಮೇಡಂ, ಹೆದರಿಸಬಾರ್ದು ಅನ್ನೋದಕ್ಕೆ ನನ್ನದೂ ಒಪ್ಪಿಗೆ. ಆದ್ರೆ ಶುಕ್ರವಾರ ತೆಗೆದುಹಾಕಿದ್ರೆ ಭಾನುವಾರಕ್ಕೆ ಏನು ಉಳಿಯುತ್ತೆ ಹೇಳಿ? ಸಾಯದೇ ಇದ್ದೋರು ಎದ್ರು ಅಂದ್ರೆ ಮಗುಗೆ ಅದು ಬೆಳಿಗ್ಗೆ ನಿದ್ದೆಯಿಂದ ಏಳೋದು ಅಷ್ಟೇ. ಅಲ್ದೆ ಚರ್ಚ್ ಒಳಗೆ ಕಾಲಿಟ್ರೆ ಎದುರಿಗೇ ಶಿಲುಬೆ, ಎಷ್ಟೋ ಮನೆಗಳಲ್ಲಿ ಗೋಡೆ ಮೇಲೂ ಶಿಲುಬೆ, ಮಗು ಅದನ್ನ ದಿನಾ ನೋಡ್ತಿರುತ್ತೆ. ನಾವು ಹೇಳದಿದ್ರೆ ಅದು ಇನ್ಯಾರ ಹತ್ರಾನೋ ಅರ್ಧಂಬರ್ಧ ಕೇಳ್ಕೊಂಡು ಬರುತ್ತೆ.

ಯೇಸುವಿನ ಜೀವನ ಹೇಳೋ ಬೈಬಲ್ ಪುಸ್ತಕಗಳನ್ನೇ, ಅಂದ್ರೆ ಸುವಾರ್ತೆಗಳನ್ನೇ ನೋಡಿ, ಮಾರ್ಕನು ಶಿಲುಬೆಗೆ ಹಾಕಿದ್ದನ್ನ ಒಂದೇ ಸಣ್ಣ ವಾಕ್ಯದಲ್ಲಿ ಹೇಳಿ ಮುಗಿಸ್ತಾನೆ. ಮೊಳೆ ಹೆಂಗೆ ಹೊಡೆದ್ರು, ರಕ್ತ ಎಷ್ಟು ಹೋಯ್ತು, ಒಂದು ಮಾತೂ ಇಲ್ಲ. ಹಿಂಸೆಯ ವಿವರಗಳನ್ನ ಜಾಸ್ತಿ ಬೆಳೆಸಿದ್ದು ಆಮೇಲಿನ ಚಿತ್ರಗಳು, ನಾಟಕಗಳು, ಸಿನಿಮಾಗಳು. ನಾವೂ ಮಾರ್ಕನ ಹಾಗೇ ಹೇಳಿದ್ರಾಯ್ತು. ನಾನು ಚಿಕ್ಕೋರಿಗೆ ಹೇಳೋ ಮಾತು ಹೆಚ್ಚುಕಮ್ಮಿ ಇಷ್ಟು:

"ಕೆಲವರಿಗೆ ಯೇಸು ಇಷ್ಟ ಆಗ್ಲಿಲ್ಲ. ಅವ್ರನ್ನ ಹಿಡಿದು ಶಿಲುಬೆಗೆ ಹಾಕಿದ್ರು. ಯೇಸು ಯಾರ ಮೇಲೂ ಸಿಟ್ಟು ಮಾಡ್ಲಿಲ್ಲ, ಅವ್ರನ್ನ ಕ್ಷಮಿಸಿ ಅಂತ ದೇವರ ಹತ್ರ ಕೇಳ್ಕೊಂಡ್ರು. ಆಮೇಲೆ ಯೇಸು ನಿಜವಾಗ್ಲೂ ಸತ್ರು, ಉಸಿರು ನಿಂತೋಯ್ತು. ಅಮ್ಮ ಅತ್ರು, ಸ್ನೇಹಿತರು ಅತ್ರು. ಬಟ್ಟೆ ಸುತ್ತಿ ಬಂಡೆಯಲ್ಲಿ ಕೊರೆದ ಗವಿಯಲ್ಲಿಟ್ಟು ದೊಡ್ಡ ಕಲ್ಲು ಮುಚ್ಚಿದ್ರು. ಭಾನುವಾರ ಬೆಳಿಗ್ಗೆ ಹೆಂಗಸರು ಹೋಗಿ ನೋಡ್ತಾರೆ, ಕಲ್ಲು ಪಕ್ಕಕ್ಕೆ ಹೋಗಿದೆ, ಯೇಸು ಅಲ್ಲಿಲ್ಲ! ದೇವ್ರು ಯೇಸುವನ್ನ ಎಬ್ಬಿಸಿದ್ರು. ಇನ್ಮೇಲೆ ಅವ್ರು ಸಾಯೋದೇ ಇಲ್ಲ."

ಒಂದೇ ಸಲ ಕೂತಾಗ್ಲೇ ಕೊನೇವರೆಗೂ ಹೇಳ್ಬೇಕು, ಇದು ಮುಖ್ಯ. ಶುಕ್ರವಾರ ರಾತ್ರಿ ಅರ್ಧಕ್ಕೆ ನಿಲ್ಸಿ ಮಗುನ ಮಲಗಿಸ್ಬೇಡಿ. ದೊಡ್ಡೋರು ಎರಡು ದಿನ ಕಾಯಬಹುದು, ನಾಲ್ಕು ವರ್ಷದ್ದು ಕಾಯಲ್ಲ.

ಮೆಲ್ಲನೆ ಮಾತು:
ಮಕ್ಕಳ ಕೌನ್ಸೆಲಿಂಗ್ ನನ್ನ ಕೆಲಸ, ಆ ಕಡೆಯಿಂದ ಒಂದು ಮಾತು ಸೇರಿಸ್ತೀನಿ. ಸಾವು ಅಂದ್ರೆ ಮತ್ತೆ ವಾಪಸ್ ಬರಲ್ಲ, ದೇಹ ಕೆಲಸ ಮಾಡೋದು ನಿಲ್ಲುತ್ತೆ, ಎಲ್ರಿಗೂ ಬರುತ್ತೆ, ಈ ತಿಳುವಳಿಕೆ ಸಾಮಾನ್ಯವಾಗಿ 5ರಿಂದ 7 ವರ್ಷದ ಒಳಗೆ ಕೂಡ್ಕೊಳ್ತಾ ಬರುತ್ತೆ. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಸಾವು ಅಂದ್ರೆ ಎಲ್ಲೋ ಹೋಗಿದಾರೆ, ಬರ್ತಾರೆ ಅಂತ. ಹಂಗಾಗಿ ಸಾಸಿವೆಕಾಳು ಅವರ ಮಗಳಿಗೆ ಯೇಸು ಎದ್ದಿದ್ದು ಆಶ್ಚರ್ಯನೇ ಅಲ್ಲ, ತಾತ ಬರದೇ ಇರೋದೇ ಆಶ್ಚರ್ಯ. ಅಣ್ಣನಿಗೆ ಸಾವು ಅರ್ಥ ಆಗಿದೆ, ಅದಕ್ಕೇ ಅವನಿಗೆ ಪುನರುತ್ಥಾನ, ಅಂದ್ರೆ ಸತ್ತು ಎದ್ದಿದ್ದು, ನಂಬಕ್ಕೆ ಕಷ್ಟ. ಒಂದೇ ಮನೇಲಿ ಎರಡು ಥರದ ಕಷ್ಟ ಬಂದಿರೋದು ಅದಕ್ಕೇ, ಇಬ್ರೂ ಅವರವರ ವಯಸ್ಸಿಗೆ ತಕ್ಕ ಹಾಗೇ ಕೇಳ್ತಿದಾರೆ.

ಒಂದು ಎಚ್ಚರಿಕೆ. "ತಾತ ಮಲಗಿದಾರೆ", "ಯೇಸು ಮಲಗಿದ್ರು, ಎದ್ರು" ಅನ್ಬೇಡಿ. ಬೈಬಲ್‌ನಲ್ಲಿ ಸತ್ತವರನ್ನ ನಿದ್ದೆಹೋದವರು ಅಂತ ಹೇಳಿರೋದು ಹೌದು, ಆದ್ರೆ ಚಿಕ್ಕ ಮಗು ಅದನ್ನ ಹಂಗಂಗೇ ತಗೊಂಡು ರಾತ್ರಿ ಮಲಗಕ್ಕೇ ಹೆದರುತ್ತೆ. ಹಾಗೇ "ದೇವ್ರಿಗೆ ಒಳ್ಳೆಯವ್ರು ಬೇಕು ಅಂತ ಕರ್ಕೊಂಡ್ರು" ಅನ್ನೋದೂ ಬೇಡ, ಹಂಗಾದ್ರೆ ನಾನು ಒಳ್ಳೆಯವಳಾಗಿರಲ್ಲ ಅನ್ನುತ್ತೆ ಮಗು. ಸತ್ರು ಅನ್ನೋ ಮಾತನ್ನೇ ಮೃದುವಾಗಿ ಬಳಸಿ. ಅದೇ ಪ್ರಶ್ನೆನ ಮತ್ತೆ ಮತ್ತೆ ಕೇಳ್ತಾಳೆ, ಪ್ರತಿ ಸಲವೂ ಅದೇ ಉತ್ತರ ಕೊಡಿ. ಉತ್ತರ ಬದಲಾಗಲ್ಲ ಅಂತ ಗೊತ್ತಾದ್ಮೇಲೆ ಸಮಾಧಾನ ಆಗುತ್ತೆ.

ಮೊಳೆ ಮುಚ್ಚಿದ್ಲು ಅಂದ್ರಲ್ಲ, ಅದು ಭಯನೇ ಇರ್ಬೇಕು ಅಂತಿಲ್ಲ. ಪಾಪ ಯೇಸುಗೆ ನೋವಾಗ್ತಿದೆ ಅಂತ ಮುಚ್ಚಿರಬಹುದು. "ಯಾಕೆ ಮುಚ್ದೆ?" ಅಂತ ವಿಚಾರಣೆ ಮಾಡದೆ, "ಯೇಸುಗೆ ನೋವಾಗಿದೆ ಅಂತ ನಿಂಗೆ ಬೇಜಾರಾಯ್ತಾ" ಅಂತ ಕೇಳಿ ಸುಮ್ನಿರಿ.

ಮೇಣದಬೆಳಕು:
ನಾನು ಧರ್ಮೋಪದೇಶದ ಕ್ಲಾಸ್ ತಗೊಳ್ತೀನಿ, ಕ್ಯಾಥೊಲಿಕ್. ಒಂದು ಪದ್ಧತಿ ಬಗ್ಗೆ ಹೇಳ್ಬೇಕು ಅನ್ಸ್ತು. ರೋಮ್‌ನಲ್ಲಿ 1954ರಲ್ಲಿ ಸೋಫಿಯಾ ಕವಲೆತ್ತಿ ಅನ್ನೋ ಬೈಬಲ್ ವಿದ್ವಾಂಸೆ ಮತ್ತೆ ಜಿಯಾನಾ ಗೊಬ್ಬಿ ಅನ್ನೋ ಮಾಂಟೆಸ್ಸರಿ ಶಿಕ್ಷಕಿ ಇಬ್ರೂ ಸೇರಿ ಮಕ್ಕಳಿಗೆ ಧರ್ಮ ಹೇಳ್ಕೊಡೋ ಒಂದು ದಾರಿ ಶುರು ಮಾಡಿದ್ರು, ಒಳ್ಳೆಯ ಕುರುಬನ ಧರ್ಮೋಪದೇಶ ಅಂತ. ಮೂರು ವರ್ಷದ ಮಕ್ಕಳಿಂದಾನೇ ಶುರು. ಟೀಚರ್ ಭಾಷಣ ಮಾಡಲ್ಲ, ಮಾತು ಕಮ್ಮಿ, ಕೈಯಲ್ಲಿ ಹಿಡಿಯೋ ವಸ್ತುಗಳು ಜಾಸ್ತಿ. ಅವರಲ್ಲಿ ಯೇಸುವಿನ ಸಾವನ್ನ ಪುನರುತ್ಥಾನದಿಂದ ಬೇರೆ ಮಾಡಿ ಹೇಳಲ್ಲ, ಟೀಚರ್ ಮೇಡಂ ಹೇಳಿದ್ದೂ ಅದೇ.

ಆ ಪದ್ಧತಿ ನೋಡಿ ನಾವು ಒಂದು ಗವಿ ಮಾಡಿದೀವಿ, ಜೇಡಿಮಣ್ಣಿಂದು. ಬಾಯಿಗೆ ಒಂದು ಚಪ್ಪಟೆ ಕಲ್ಲು. ಒಳಗೆ ಮಡಿಸಿಟ್ಟ ಎರಡು ತುಂಡು ಬಿಳಿ ಬಟ್ಟೆ, ಯೊವಾನ್ನನ (ಯೋಹಾನನ) ಶುಭಸಂದೇಶದಲ್ಲಿ ತಲೆಗೆ ಸುತ್ತಿದ ಬಟ್ಟೆ ಬೇರೆ ಕಡೆ ಸುರುಳಿ ಸುತ್ತಿ ಇತ್ತು ಅಂತ ಬರುತ್ತಲ್ಲ ಅದಕ್ಕೆ. ಮರದ ಸಣ್ಣ ಬೊಂಬೆಗಳು, ಮೂರು ಹೆಂಗಸರು, ಒಬ್ಬ ದೇವದೂತ. ನಾನು ಒಂದು ಸಲ ಬೈಬಲ್ ಓದ್ತಾ ಬೊಂಬೆಗಳನ್ನ ನಡೆಸ್ತೀನಿ, ಆಮೇಲೆ ಮಕ್ಕಳ ಕೈಗೆ ಬಿಡ್ತೀನಿ. ಕಳೆದ ಸಲ ಒಬ್ಬ ಹುಡುಗ, ಐದು ವರ್ಷದೋನು, ಕಲ್ಲನ್ನ ಸರಿಸೋದು, ಬಗ್ಗಿ ಒಳಗೆ ನೋಡೋದು, ಮತ್ತೆ ಮುಚ್ಚೋದು, ಇದನ್ನೇ ಮಾಡ್ತಾ ಕೂತಿದ್ದ. ಪ್ರತಿ ಸಲ ಬಗ್ಗಿದಾಗ್ಲೂ ಪಿಸುಮಾತಲ್ಲಿ "ಇಲ್ಲ" ಅಂತಿದ್ದ. ನಾನು ಒಂದು ವಿವರಣೆನೂ ಕೊಟ್ಟಿಲ್ಲ, ಕೊಡೋ ಅಗತ್ಯನೂ ಕಾಣ್ಲಿಲ್ಲ.

ಸಾಧ್ಯ ಇದ್ರೆ ಶನಿವಾರ ರಾತ್ರಿಯ ಪಾಸ್ಖ (ಈಸ್ಟರ್) ಜಾಗರಣೆಗೆ ಮಕ್ಕಳನ್ನ ಕರ್ಕೊಂಡು ಹೋಗಿ, ಪೂರ್ತಿ ಕೂರಕ್ಕಾಗದಿದ್ರೆ ಮೊದಲ ಅರ್ಧ ಗಂಟೆ ಆದ್ರೂ. ಚರ್ಚ್ ಪೂರಾ ಕತ್ತಲು, ಹೊರಗೆ ಹೊಸ ಬೆಂಕಿ, ಅದರಿಂದ ದೊಡ್ಡ ಪಾಸ್ಖ ಮೇಣದಬತ್ತಿ ಹಚ್ತಾರೆ, ಅದರ ಮೇಲೆ ಶಿಲುಬೆ, ಆ ವರ್ಷದ ನಾಲ್ಕು ಅಂಕಿ, ಗ್ರೀಕ್‌ನ ಮೊದಲ ಅಕ್ಷರ ಕೊನೆ ಅಕ್ಷರ. ಕ್ರಿಸ್ತನ ಬೆಳಕು ಅಂತ ಮೂರು ಸಲ ಹಾಡ್ತಾ ಒಳಗೆ ಬರ್ತಾರೆ, ಒಂದು ಬತ್ತಿಯಿಂದ ಎಲ್ಲರ ಕೈಯಲ್ಲಿರೋ ಬತ್ತಿಗೂ ಬೆಳಕು ಹರಡುತ್ತೆ. ತಪಸ್ಸುಕಾಲದಲ್ಲಿ, ಅಂದ್ರೆ ಈಸ್ಟರ್‌ಗೆ ಮುಂಚಿನ 40 ದಿನ, ನಿಲ್ಲಿಸಿದ್ದ ಅಲ್ಲೆಲೂಯ (ದೇವರ ಸ್ತುತಿ) ಅವತ್ತು ಮತ್ತೆ ಹಾಡ್ತಾರೆ. ಇದನ್ನ ಮನೇಲೂ ಮಾಡಬಹುದು, ತಪಸ್ಸುಕಾಲ ಶುರುವಾದಾಗ ಮಕ್ಕಳ ಕೈಲಿ ಅಲ್ಲೆಲೂಯ ಅಂತ ಬಣ್ಣದಲ್ಲಿ ಬರೆಸಿ ಡಬ್ಬಿಗೆ ಹಾಕಿ ಮುಚ್ಚಿಡೋದು, ಈಸ್ಟರ್ ಬೆಳಿಗ್ಗೆ ಅವರೇ ತೆಗೆದು ಗೋಡೆಗೆ ಅಂಟಿಸೋದು.

ಇಬ್ಬರಪ್ಪ:
ಮೊಟ್ಟೆ ಮೊಲ ಎಲ್ಲ ಬೈಬಲ್‌ನಲ್ಲಿಲ್ಲ, ಮನೆಗೆ ತರೋದೇ ಬೇಡ ಅಂತ ನಮ್ಮ ಬಳಗದಲ್ಲಿ ಕೆಲವ್ರು ಗಟ್ಟಿಯಾಗಿ ಹೇಳ್ತಾರೆ. ಬೇರೆಯವ್ರು ಏನ್ ಮಾಡ್ತೀರಾ?

ಮೇಣದಬೆಳಕು:
ಮೊಲ ಬಿಡಬಹುದು, ಅದು ಜರ್ಮನಿ ಕಡೆಯಿಂದ ಬಂದ ಜನಪದ ವಾಡಿಕೆ, ಯೇಸುವಿನ ಕತೆಗೆ ಸಂಬಂಧ ಇಲ್ಲ. ಮೊಟ್ಟೆಗೆ ಮಾತ್ರ ಕ್ರೈಸ್ತರಲ್ಲೇ ಹಳೇ ಅರ್ಥ ಇದೆ. ಹಿಂದೆ ತಪಸ್ಸುಕಾಲದಲ್ಲಿ ಮೊಟ್ಟೆ ತಿನ್ನೋ ಹಾಗಿರ್ಲಿಲ್ಲ, ಉಪವಾಸ ಮುಗಿದಾಗ ಅದೇ ಹಬ್ಬದ ಊಟ ಆಯ್ತು. ಆರ್ಥಡಾಕ್ಸ್ ಸಭೆಗಳಲ್ಲಿ ಮೊಟ್ಟೆಗೆ ಕೆಂಪು ಬಣ್ಣ ಹಾಕ್ತಾರೆ, ಕೆಂಪು ಕ್ರಿಸ್ತನ ರಕ್ತ, ಚಿಪ್ಪು ಮುಚ್ಚಿದ ಸಮಾಧಿ, ಒಡೆದ್ರೆ ಪುನರುತ್ಥಾನ. ಮಕ್ಕಳಿಗೆ ಇದನ್ನ ಹೇಳಿ ಅವರ ಕೈಲೇ ಒಡೆಸಿ.

ಕೆಲವ್ರು ಪ್ಲಾಸ್ಟಿಕ್ ಮೊಟ್ಟೆ ಒಳಗೆ ಯೇಸುವಿನ ಕತೆಯ ಒಂದೊಂದು ಸಣ್ಣ ವಸ್ತು ಇಡ್ತಾರೆ, ನಾಣ್ಯ, ಮುಳ್ಳು, ಬಟ್ಟೆ ತುಂಡು, ಕಲ್ಲು, ಕೊನೇದು ಗವಿ ಹಾಗೆ ಖಾಲಿ. ಅದೂ ಒಳ್ಳೇದೇ, ಆದ್ರೆ ಖಾಲಿ ಮೊಟ್ಟೆ ತೆಗೆದಾಗ ಚಿಕ್ಕ ಮಗುಗೆ ಬೇಜಾರಾಗುತ್ತೆ, ನಂದ್ರಲ್ಲಿ ಏನೂ ಇಲ್ಲ ಅಂತ ಮುಖ ಊದಿಸ್ಕೊಳ್ಳುತ್ತೆ, ಅದಕ್ಕೆ ಮುಂಚೆನೇ ಗವಿಯ ಕತೆ ಗೊತ್ತಿರ್ಬೇಕು.

ಸಾಸಿವೆಕಾಳು:
ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಟೀಚರ್ ಮೇಡಂ ಹೇಳಿದ "ಯೇಸು ಮೊದಲು, ಆಮೇಲೆ ನಾವೆಲ್ಲಾ" ಇವತ್ತು ಹೇಳಿದೆ. ಮೂರು ಸಲ ಕೇಳಿದ್ಲು, ಮೂರು ಸಲವೂ ಅದೇ ಹೇಳಿದೆ. ಮಗನ ವಿಷಯ ಮಾತ್ರ ಹಂಗೇ ಇದೆ. ಬಯ್ಯಕ್ಕೆ ನಂಗೆ ಮನಸ್ಸಿಲ್ಲ, ಅವನು ಯೋಚ್ನೆ ಮಾಡ್ತಿದಾನೆ ಅನ್ನೋದು ಕಾಣ್ಸುತ್ತೆ.

ದಾರಿಹೋಕ:
ಬಯ್ಯಲೇಬೇಡಿ. ನಿಮ್ಮ ಮಗ ಹೇಳಿದ್ದನ್ನ ಯೇಸುವಿನ ಹತ್ತಿರದ ಶಿಷ್ಯರಾದ ಅಪೊಸ್ತಲರೂ ಹೇಳಿದಾರೆ! ಲೂಕ 24ರಲ್ಲಿ ಹೆಂಗಸರು ಓಡಿ ಬಂದು ಸಮಾಧಿ ಖಾಲಿ ಇದೆ ಅಂದಾಗ ಶಿಷ್ಯರಿಗೆ ಅದು ಬರೀ ಹರಟೆ ಅನ್ನಿಸ್ತು, ಅವ್ರು ನಂಬ್ಲಿಲ್ಲ. ಅವರಲ್ಲೊಬ್ಬ ಪೇತ್ರ ಎದ್ದು ಓಡಿಹೋಗಿ ಬಗ್ಗಿ ನೋಡಿದ. ಎಮ್ಮಾಹು ಅನ್ನೋ ಊರಿನ ದಾರೀಲಿ ಇಬ್ರು ಶಿಷ್ಯರು ಯೇಸು ಜೊತೆಗೇ ಮೈಲಿಗಟ್ಟಲೆ ನಡೆದ್ರೂ ಗುರ್ತು ಹಿಡೀಲಿಲ್ಲ, ರೊಟ್ಟಿ ಮುರಿದಾಗ ಗೊತ್ತಾಯ್ತು. ಸಮಾಧಿಗೆ ಹೋಗಿದ್ದ ಮಗ್ದಲದ ಮರಿಯಳು ಯೇಸುವನ್ನ ತೋಟದ ಮಾಲಿ ಅಂದ್ಕೊಂಡ್ಲು, ಹೆಸರು ಹಿಡಿದು ಕರೆದಾಗ ತಿರುಗಿ ನೋಡಿದ್ಲು. ತೋಮ ಅನ್ನೋ ಶಿಷ್ಯ ಅಂತೂ ಗಾಯ ಮುಟ್ಟದೆ ನಂಬೋದೇ ಇಲ್ಲ ಅಂದ. ಯೇಸು ಅವನನ್ನ ಗುಂಪಿಂದ ಹೊರಗೆ ಹಾಕ್ಲಿಲ್ಲ, ಎಂಟು ದಿನ ಆದ್ಮೇಲೆ ಅವನಿಗೋಸ್ಕರ ಮತ್ತೆ ಬಂದು ಇಲ್ಲಿ ಬೆರಳಿಡು ಅಂದ್ರು.

ಏಳು ವರ್ಷದೋನಿಗೆ ಈ ಕತೆಗಳನ್ನ ಒಂದೊಂದಾಗಿ ಹೇಳಿ. ಸತ್ತೋರು ಬರಲ್ಲ ಅಂತ ಅವರಿಗೂ ಚೆನ್ನಾಗೇ ಗೊತ್ತಿತ್ತು, ಹಂಗಿದ್ದೂ ನೋಡಿದ್ವಿ ಅಂತ ಹೇಳಕ್ಕೆ ಶುರುಮಾಡಿದ್ರು, ಹೊಡೆದ್ರೂ ಜೈಲಿಗೆ ಹಾಕಿದ್ರೂ ಬಿಡ್ಲಿಲ್ಲ ಅನ್ನಿ. ಅವನ ವಯಸ್ಸಿಗೆ ಇಷ್ಟವಾಗೋ ಇನ್ನೊಂದು: ಎದ್ದ ಯೇಸುವನ್ನ ನೋಡಿ ಇದು ದೆವ್ವ ಅಂತ ಶಿಷ್ಯರು ಹೆದರಿದಾಗ, ತಿನ್ನಕ್ಕೆ ಏನಾದ್ರೂ ಇದೆಯಾ ಅಂತ ಕೇಳಿ ಸುಟ್ಟ ಮೀನಿನ ತುಂಡು ತಗೊಂಡು ಅವರ ಮುಂದೆನೇ ತಿಂದ್ರು. ಯೋಹಾನ 21ರಲ್ಲಿ ಸರೋವರದ ದಡದಲ್ಲಿ ಯೇಸುನೇ ಕೆಂಡದ ಮೇಲೆ ಮೀನು ಸುಟ್ಟು ರೊಟ್ಟಿ ಇಟ್ಟು ಬನ್ನಿ ಊಟ ಮಾಡಿ ಅಂತ ಕರೀತಾರೆ, ಬಲೇಲಿ ಸಿಕ್ಕ ಮೀನು 153, ಎಣಿಸಿ ಬರೆದಿದಾರೆ. ಮಕ್ಕಳಿಗೆ ಆ ಲೆಕ್ಕ ಮರೆಯೋದೇ ಇಲ್ಲ.

ಲಾಜರ ಎದ್ದಿದ್ದಕ್ಕೂ ಯೇಸು ಎದ್ದಿದ್ದಕ್ಕೂ ಏನು ವ್ಯತ್ಯಾಸ ಅಂತನೂ ಈ ವಯಸ್ಸಲ್ಲಿ ಕೇಳ್ತಾರೆ. ಲಾಜರ ಹಳೇ ಜೀವಕ್ಕೇ ವಾಪಸ್ ಬಂದ, ಆಮೇಲೆ ಎಲ್ರ ಹಾಗೆ ಅವನೂ ಸಾಯಬೇಕಿತ್ತು. ಯೇಸುಗೆ ಬಂದಿದ್ದು ಹೊಸ ಜೀವ, ಸಾವು ಮುಟ್ಟಕ್ಕಾಗದೇ ಇರೋದು.

ಇಬ್ಬರಪ್ಪ:
ನಂಗೆ ಕಷ್ಟ ಆಗೋದು "ಯಾಕೆ ಸತ್ರು" ಅನ್ನೋದು. ನಮ್ಮ ಪಾಪಕ್ಕೋಸ್ಕರ ಅಂತ ನಾವು ಕಲ್ತಿದ್ದು. ಆರು ವರ್ಷದ ಮಗಳಿಗೆ ಹಂಗೇ ಹೇಳಿದೋರು ಒಬ್ರು ನಂಟರು, ಆಮೇಲೆ ಅವಳು "ನಾನು ತಂಗಿಗೆ ಹೊಡೆದಿದ್ದಕ್ಕೆ ಯೇಸುನ ಸಾಯಿಸಿದ್ರಾ" ಅಂತ ಕೇಳಿದ್ಲು ಅಂತೆ. ಕೇಳಿ ಹೊಟ್ಟೆ ಉರೀತು. ಪಾಪ ಅನ್ನೋದನ್ನ ಬಿಟ್ಟೂ ಹೇಳಕ್ಕಾಗಲ್ಲ, ಹೇಳಿದ್ರೆ ಹಿಂಗಾಗುತ್ತೆ.

ಭಾನುವಾರದ ಟೀಚರ್:
ಬ್ರದರ್, ಬಹಳ ಮುಖ್ಯವಾದ ಮಾತು ಎತ್ತಿದ್ರಿ. ಶಿಲುಬೆ ಭಾರನ ಒಂದು ಮಗುವಿನ ತಲೆ ಮೇಲೆ ಹೊರಿಸ್ಬಾರ್ದು. ನೀನು ತಪ್ಪು ಮಾಡಿದ್ದಕ್ಕೆ ಅವ್ರು ಸತ್ರು ಅನ್ನೋ ವಾಕ್ಯ ನಮ್ಮ ಕ್ಲಾಸ್‌ನಲ್ಲಿ ಬರಕ್ಕೇ ಬಿಡಲ್ಲ. ನಾನು ಶುರು ಮಾಡೋದು ಪ್ರೀತಿಯಿಂದ: ಯೇಸುಗೆ ಓಡಿಹೋಗಬಹುದಿತ್ತು, ಹೋಗ್ಲಿಲ್ಲ, ನಮ್ಮನ್ನ ಪ್ರೀತಿಸಿ ನಿಂತ್ರು. ಲೋಕದಲ್ಲಿ ಜನ ಒಬ್ರಿಗೊಬ್ರು ಮಾಡೋ ಕೆಟ್ಟದ್ದನ್ನೆಲ್ಲ, ಹೊಡೆಯೋದು, ಸುಳ್ಳು, ಬಿಟ್ಟುಹೋಗೋದು, ಎಲ್ಲಾ ತಮ್ಮ ಮೇಲೆ ಬಂದ್ರೂ ವಾಪಸ್ ಕೆಟ್ಟದ್ದು ಮಾಡ್ಲಿಲ್ಲ, ಕ್ಷಮಿಸಿದ್ರು. ನಾವು ತಪ್ಪು ಮಾಡಿದಾಗ್ಲೂ ಹಂಗೇ ಕ್ಷಮಿಸ್ತಾರೆ.

ಆಮೇಲೆ ಪೇತ್ರನ ಕತೆ. ಯೇಸುವನ್ನ ಹಿಡಿದ ರಾತ್ರಿ ಬೆಂಕಿ ಕಾಯಿಸ್ಕೊಳ್ತಾ ನಂಗೆ ಯೇಸು ಗೊತ್ತೇ ಇಲ್ಲ ಅಂತ ಮೂರು ಸಲ ಅಂದ, ಕೋಳಿ ಕೂಗ್ತು, ಅತ್ತ. ದಾರಿಹೋಕ ಅವರು ಹೇಳಿದ ಆ ದಡದ ಊಟ ಇದೆಯಲ್ಲ, ಅಲ್ಲೂ ಕೆಂಡದ ಬೆಂಕಿ, ಊಟ ಆದ್ಮೇಲೆ ಯೇಸು ಪೇತ್ರನ್ನ ಮೂರು ಸಲ ಕೇಳ್ತಾರೆ, ನನ್ನನ್ನ ಪ್ರೀತಿಸ್ತೀಯಾ ಅಂತ. ಯಾಕೆ ಹಂಗ್ ಮಾಡ್ದೆ ಅಂತ ಒಂದು ಸಲವೂ ಕೇಳಲ್ಲ. ಕ್ಷಮೆ ಅಂದ್ರೆ ಏನು ಅಂತ ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ತೋರ್ಸೋ ಕತೆ ನಂಗೆ ಸಿಕ್ಕಿಲ್ಲ. ಪಾಪ, ಪ್ರಾಯಶ್ಚಿತ್ತ, ವಿಮೋಚನೆ ಇವೆಲ್ಲ ಹತ್ತು ಹನ್ನೆರಡು ವರ್ಷಕ್ಕೆ ಕಲೀಲಿ, ಆಗ ಆ ಮಾತುಗಳ ಒಳಗೆ ಇಡೋದಕ್ಕೆ ಅವರ ಹತ್ರ ಪೇತ್ರ ಇರ್ತಾನೆ.

ಮಗು ಹಾಗೆ ಕೇಳಿದ್ರೆ ನೇರವಾಗಿ ಇಲ್ಲ ಅಂತ ಹೇಳಿ. ಇಲ್ಲಮ್ಮ, ನಿನ್ನಿಂದ ಅಲ್ಲ. ಮೊದಲು ಅದು, ಉಳಿದಿದ್ದು ಆಮೇಲೆ.

ಮೆಲ್ಲನೆ ಮಾತು:
ನೂರಕ್ಕೆ ನೂರು ಒಪ್ತೀನಿ.

ದಾರಿಹೋಕ:
"ಯಾರು ಸಾಯಿಸಿದ್ರು" ಅನ್ನೋದಕ್ಕೂ ಹುಷಾರಾಗಿರಿ. ಯೆಹೂದ್ಯರು ಸಾಯಿಸಿದ್ರು ಅಂತ ಈಗ್ಲೂ ಕೆಲವು ಕಡೆ ಮಕ್ಕಳಿಗೆ ಹೇಳ್ತಾರೆ. ಆ ಒಂದು ವಾಕ್ಯದಿಂದ ಶತಮಾನಗಳ ಕಾಲ ಎಷ್ಟು ಜನ ಹಿಂಸೆ ಅನುಭವಿಸಿದಾರೆ ಅನ್ನೋದು ಚರಿತ್ರೆ. ಶಿಲುಬೆ ರೋಮನ್ನರ ಶಿಕ್ಷೆ, ತೀರ್ಪು ಕೊಟ್ಟೋನು ರೋಮನ್ ಅಧಿಪತಿ ಪಿಲಾತ. ಯೇಸು ಯೆಹೂದ್ಯರು, ಮರಿಯಮ್ಮ ಯೆಹೂದ್ಯರು, ಪೇತ್ರ, ಮಗ್ದಲದ ಮರಿಯಳು, ಸಮಾಧಿ ಕೊಟ್ಟ ಅರಿಮಥಾಯದ ಯೋಸೇಫ ಎಲ್ರೂ ಯೆಹೂದ್ಯರು. ಕ್ಯಾಥೊಲಿಕ್ ಸಭೆ 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲೇ ಯೇಸುವಿನ ಮರಣದ ಹೊಣೆನ ಆಗಿನ ಎಲ್ಲಾ ಯೆಹೂದ್ಯರ ಮೇಲಾಗ್ಲಿ ಈಗಿನವರ ಮೇಲಾಗ್ಲಿ ಹಾಕಬಾರ್ದು ಅಂತ ಸ್ಪಷ್ಟವಾಗಿ ಹೇಳಿದೆ. ಮಕ್ಕಳಿಗೆ "ಅಧಿಕಾರದಲ್ಲಿದ್ದ ಕೆಲವರು" ಅಂದ್ರೆ ಸಾಕು.

ಹಸಿರಂಗಳ:
ಎಲ್ಲ ಓದಿದೆ. ಮಾರ್ಕನು ಒಂದೇ ವಾಕ್ಯದಲ್ಲಿ ಮುಗಿಸ್ತಾನೆ ಅನ್ನೋದನ್ನ ತೆಗೆದು ನೋಡಿದೆ, ಹೌದು. ಚಿತ್ರ ತೋರ್ಸೋದಕ್ಕೆ ನಂಗೆ ಈಗ್ಲೂ ಮನಸ್ಸಿಲ್ಲ, ಆದ್ರೆ ಮಾತಲ್ಲಿ ಅಷ್ಟು ಹೇಳಬಹುದು ಅನ್ಸ್ತಿದೆ. ಗಂಡನ ಹತ್ರ ಮಾತಾಡ್ತೀನಿ. ಒಂದು ಪ್ರಶ್ನೆ, ಹಬ್ಬದ ದಿನ ಮನೆ ತುಂಬ ಜನ, ಗಲಾಟೆ, ಅವತ್ತು ಕೂತು ಕತೆ ಹೇಳೋಕೆ ಆಗೋದೇ ಇಲ್ಲ. ಏನ್ ಮಾಡೋದು?

ಮೇಣದಬೆಳಕು:
ಅವತ್ತೇ ಮುಗಿಸ್ಬೇಕು ಅಂತ ಯಾರು ಹೇಳಿದ್ರು ಮೇಡಂ! ಈಸ್ಟರ್ ಒಂದು ದಿನ ಅಲ್ಲ, ಪೆಂತೆಕೋಸ್ತ್ ಹಬ್ಬದ ವರೆಗೂ 50 ದಿನದ ಕಾಲ. ತಪಸ್ಸುಕಾಲದ 40 ದಿನಕ್ಕೆ ಅಷ್ಟೆಲ್ಲ ತಯಾರಿ ಮಾಡಿ ಈ 50 ದಿನನ ಸೋಮವಾರಕ್ಕೇ ಮರೆತುಬಿಡ್ತೀವಿ. ವಾರಕ್ಕೊಂದು ಕತೆ ಇಟ್ಕೊಳ್ಳಿ. ಮೊದಲ ವಾರ ಹೆಂಗಸರು ಮತ್ತೆ ಖಾಲಿ ಗವಿ. ಎರಡನೇ ಭಾನುವಾರ ಹೆಂಗೂ ಚರ್ಚಲ್ಲಿ ತೋಮನದೇ ಓದ್ತಾರೆ, ನಮ್ಮಲ್ಲಿ ಪ್ರತಿ ವರ್ಷ ಅದೇ. ಆಮೇಲೆ ತೋಟದಲ್ಲಿ ಮರಿಯ, ಎಮ್ಮಾಹು ದಾರಿ, ದಡದ ಊಟ, ಪೇತ್ರ. 40ನೇ ದಿನಕ್ಕೆ ಸ್ವರ್ಗಾರೋಹಣ ಬರುತ್ತೆ, ಆಗ ಈಗೆಲ್ಲಿದಾರೆ ಯೇಸು ಅಂತ ತಾವಾಗೇ ಕೇಳ್ತಾವೆ.

ಭಾನುವಾರದ ಟೀಚರ್:
ಇದು ಚೆನ್ನಾಗಿದೆ, ನಮ್ಮ ಗುಂಪಲ್ಲೂ ಈ ಸಲ ಹಂಗೇ ಮಾಡ್ತೀನಿ. ಸಾಸಿವೆಕಾಳು ಅಕ್ಕ, ಮಗ ಓದಕ್ಕೆ ಕಲ್ತಿದಾನಲ್ಲ, ದಡದ ಊಟದ ದಿನ ಅವನ ಕೈಗೇ ಬೈಬಲ್ ಕೊಟ್ಟು ತಂಗಿಗೆ ಓದಿ ಹೇಳಕ್ಕೆ ಹೇಳಿ.

ಸಾಸಿವೆಕಾಳು:
ಕೊಡ್ತೀನಿ. ಗವಿಗೆ ಜೇಡಿಮಣ್ಣು ನಾಳೆ ತರ್ತೀನಿ, ಕಲ್ಲು ಹುಡುಕೋ ಕೆಲಸ ಇಬ್ರಿಗೂ.